ತೊರೆಯ ಬಳಿ ಯಾರೂ ಇರಲಿಲ್ಲ

ಆಗಸ್ಟ್ ೧೪, ಗುರುವಾರ. ಯೊಸ್ಟೆಡಾಲ್, ನಾರ್ವೆ.

ಐದು ದಿನದ ನಡಿಗೆ ಮುಗಿಯಿತು. ಸಂತೋಷವಿಲ್ಲ.

ಬೆಳಿಗ್ಗೆ ನನ್ನ ಮಂಡಿ ಊದಿತ್ತು. "ನಿಧಾನಕ್ಕೆ ಬಾರೆ, ತೊರೆ ಹತ್ರ ಕಾಯ್ತಿರ್ತೀವಿ" ಎಂದು ಇಪ್ಪತ್ತು ವರ್ಷಗಳಿಂದ ಗೆಳತಿಯಾಗಿರುವ ಟುರಿಡ್, ತನ್ನ ಗಂಡ ಹಾಲ್ವರ್ಡ್ ಜೊತೆ ಮುಂದೆ ಹೋದಳು. ಹಿಮನದಿ ಕರಗಿ ಹರಿಯುವ ಆ ತೊರೆಯ ಬಳಿ ಯಾರೂ ಇರಲಿಲ್ಲ. ಮಂಜಿನಲ್ಲಿ ಅವರನ್ನು ಕೂಗಿ ಕೂಗಿ ಗಂಟಲು ಕಟ್ಟಿತು. ಕೊನೆಗೆ ಸೊಂಟದುದ್ದ ನೀರನ್ನು ಒಬ್ಬಳೇ ದಾಟಿದೆ. ಮೊನ್ನೆ ಅವಳ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಾಗ ಅರ್ಧ ದಿನ ಪಕ್ಕದಲ್ಲೇ ಕೂತಿದ್ದವಳು ನಾನು.

ಕೆಳಗಿನ ತಂಗುಮನೆಯಲ್ಲಿ ಇಬ್ಬರೂ ವಾಫಲ್ ತಿನ್ನುತ್ತಿದ್ದರು.

"ಬಂದ್ಯಾ! ಚಳಿ ತಡೀಲಿಲ್ಲ ಕಣೆ. ನೀನು ಗಟ್ಟಿಗಿತ್ತಿ, ಹೇಗೋ ಬರ್ತೀಯ ಅಂತ ಗೊತ್ತಿತ್ತು" ಎಂದಳು ಟುರಿಡ್.

"ಪರವಾಗಿಲ್ಲ ಬಿಡೇ" ಎಂದು ನಕ್ಕುಬಿಟ್ಟೆ. ಇಬ್ಬರ ಹೆಗಲ ಮೇಲೂ ಕೈ ಹಾಕಿ ಫೋಟೋಗೆ ನಿಂತೆ. ಅವರ ಮೇಲಿನ ಸಿಟ್ಟು ನಾಳೆ ಇಳಿದೀತು. ಆದರೆ ನಾನು ನಕ್ಕದ್ದನ್ನು ನಾನೇ ಹೇಗೆ ಕ್ಷಮಿಸಲಿ?