ತಾಮ್ರದ ಬೋಗುಣಿಯಲ್ಲಿ ಬೆಂದ ಆಲ

ದಿಂಡಿಗಲ್ಲು
ಜಯ ಸಂವತ್ಸರ, ಆಡಿ ಮಾಸ (1894)

ಕಂಬಂ ಊರಿನ ದೊಡ್ಡಮನೆಯ ಯಜಮಾನರಾದ ಅಣ್ಣ ಪೆರಿಯಣ್ಣನವರಿಗೆ, ತಮ್ಮ ಕಂದಸಾಮಿ ಬರೆಯುವುದು.

ಮೊದಲು ಕ್ಷೇಮ ಕೇಳುವುದು ವಾಡಿಕೆ. ನಾನು ಕೇಳುತ್ತಿಲ್ಲ.

ನಿಮ್ಮ ಗಾಡಿಯಾಳು ಆಂಡಿ ಬರಿಗಾಡಿಯಲ್ಲಿ ಹಿಂದಿರುಗುತ್ತಿದ್ದಾನೆ. ಅವನನ್ನು ಬೈಯುವ ಮೊದಲು ಇದನ್ನು ಕೊನೆಯವರೆಗೆ ಓದಿ. ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನಮ್ಮ ಬೀದಿಯಲ್ಲಿ ಈ ಮಾತು ಆಡುವವರು ಎಲ್ಲರೂ, ಓದಬಲ್ಲವರು ಅಪ್ಪನ ಹತ್ತಿರ ಮರಳಿನ ಮೇಲೆ ಅಕ್ಷರ ತಿದ್ದಿದ ನಾವಿಬ್ಬರೇ. ಬೇರೆಯವರಿಂದ ಓದಿಸಿದೆ, ಅವರು ತಪ್ಪಾಗಿ ಓದಿದರು ಎನ್ನಲು ನಿಮಗೆ ದಾರಿಯಿಲ್ಲ.

ಆಂಡಿ ನಿಮ್ಮ ಮಾತನ್ನು ನೆಲ ನೋಡುತ್ತಾ ಒಪ್ಪಿಸಿದ. “ಹುಣಸೆಮರಾನ ಕೊಟ್ಟು ಕಳಿಸ್ಬೇಕಂತೆ ಸಾಮಿ. ಆಡಿ ಪೂಜೆಗೆ ಬೇಕಂತೆ. ಮುತ್ತುಮಾರಿ ಅಕ್ಕ ಮಾತ್ರ ಕೂಡ ಬರ್ಬಾರ್ದಂತೆ.” ಒಡಹುಟ್ಟಿದ ತಂಗಿಯ, ನನ್ನ ಅಕ್ಕನ ವಿಷಯವನ್ನು ಗಾಡಿಯಾಳಿನ ಬಾಯಲ್ಲಿ ಹೇಳಿಸಿದಿರಿ. ಅವನಿಗೆ ಆದ ನಾಚಿಕೆಯಲ್ಲಿ ಅರ್ಧವಾದರೂ ನಿಮಗೆ ಆಗಬೇಕಿತ್ತು.

ಇಲ್ಲಿ ಹೊಗೆಸೊಪ್ಪಿನ ಮಂಡಿಯಲ್ಲಿ ಬೆಳಗ್ಗೆ ಪತ್ರಿಕೆ ಓದಿ ಹೇಳುವುದು ನನ್ನ ಕೆಲಸಗಳಲ್ಲಿ ಒಂದು. ಅದರಿಂದ ಬಂದ ಅಭ್ಯಾಸವೆಂದರೆ, ಏನು ನಡೆಯಿತು ಎಂಬುದನ್ನು ಮೊದಲು ತಿಳಿಯುವುದು, ಯಾರು ಏನೆಂದರು ಎಂಬುದನ್ನು ಆಮೇಲೆ ಕೇಳುವುದು. ಹಾಗೆಯೇ ಬರೆಯುತ್ತೇನೆ.

ನಮ್ಮ ಮನೆದೇವರಿಗೆ ಗುಡಿಯಿಲ್ಲ, ಮರಗಳೇ ದೇವರು. ಕನ್ನಡ ಸೀಮೆ ಬಿಟ್ಟು ಓಡಿಬಂದ ಹಿರಿಯರು ದೇವರ ನೆರಳನ್ನು ಬಿಟ್ಟು ಬರಲಾರದೆ ಆಲ, ಅತ್ತಿ, ಹುಣಸೆಯ ಸಸಿಗಳನ್ನು ಮಣ್ಣಿನ ಬಾನಿಗಳಲ್ಲಿಟ್ಟು ಗಾಡಿಗೇರಿಸಿದರಂತೆ. ಇನ್ನೊಮ್ಮೆ ಓಡಬೇಕಾಗಿ ಬಂದರೆ ಎತ್ತಿಕೊಂಡು ಹೋಗುವಂತಿರಬೇಕೆಂದು ಅವನ್ನು ಎತ್ತರಕ್ಕೆ ಬೆಳೆಯಗೊಡಲಿಲ್ಲ. ಮಳೆ ಬಿದ್ದ ಮೇಲೆ ಬೇರು ಕತ್ತರಿಸಿ, ಮಣ್ಣು ಬದಲಿಸಿ, ಚಿಗುರು ಚಿವುಟಿ ಸಾಕಿದರು. ನಾವು ಕಂಡಾಗ ಆಲ ಮೊಣಕೈ ಉದ್ದವಿತ್ತು, ಆದರೆ ಬಿಳಲು ಇಳಿದಿತ್ತು. ಅತ್ತಿ ಕಾಯಿ ಬಿಡುತ್ತಿತ್ತು. ಹುಣಸೆಯ ಬುಡ ಮುದುಕನ ಮಂಡಿಯ ಹಾಗೆ ಗಂಟುಗಟ್ಟಿತ್ತು.

ಗಂಡ ತೀರಿಹೋಗಿ ಅಕ್ಕ ತವರಿಗೆ ಬಂದಾಗ ಅವ್ವ ಅವಳ ಕೈಗೆ ಈ ಮರಗಳನ್ನು ಕೊಟ್ಟಳು. “ಅಳೋದಾದ್ರೆ ಇವಕ್ಕೆ ನೀರು ಬಿಟ್ಕೊಂಡು ಅಳು, ಎರಡೂ ಕೆಲ್ಸ ಆಗ್ತದೆ” ಎಂದಳು. ಅಕ್ಕ ಅಳುವುದನ್ನು ಬಿಟ್ಟಳು, ನೀರು ಬಿಡುವುದನ್ನು ಬಿಡಲಿಲ್ಲ. ಚಿತ್ತಿರೆ ತಿಂಗಳ ಕೊನೆಯ ಸುಡುವ ಕತ್ತರಿ ಬಿಸಿಲು ಶುರುವಾಗುವ ಮೊದಲೇ ಬಾನಿಗಳನ್ನು ಹಿತ್ತಿಲ ಬೇವಿನಡಿಗೆ ಸಾಗಿಸಿ, ಕುತ್ತಿಗೆಯವರೆಗೆ ಒದ್ದೆ ಮರಳಲ್ಲಿ ಹೂಳುತ್ತಿದ್ದಳು. ಪಡುವಣ ದಿಕ್ಕಿಗೆ ತೆಂಗಿನಗರಿಯ ತಟ್ಟಿ. ಮಣ್ಣಿನ ಮೇಲೆ ತೆಂಗಿನ ನಾರು. ನೀರು ಬೆಳಗ್ಗೆ ಒಮ್ಮೆ, ಹೊತ್ತು ಇಳಿದ ಮೇಲೆ ಒಮ್ಮೆ. ನಡುಹಗಲಲ್ಲಿ ಒಂದು ಹನಿಯೂ ಇಲ್ಲ, ಕಾದ ಮಣ್ಣಿಗೆ ನೀರು ಬಿದ್ದರೆ ಬೇರು ಬೇಯುತ್ತದೆ. ಬೇಸಿಗೆಯಲ್ಲಿ ಗೊಬ್ಬರ ಹಾಕುತ್ತಿರಲಿಲ್ಲ, ಕತ್ತರಿ ಮುಟ್ಟುತ್ತಿರಲಿಲ್ಲ. ಅವಳ ಕೈಯಲ್ಲಿ ಒಂದು ಮರವೂ ಒಂದು ಬೇಸಿಗೆಯಲ್ಲೂ ಸಾಯಲಿಲ್ಲ. ಇದು ನಿಮಗೂ ಗೊತ್ತು.

ಈಗ ನೀವು ಮಾಡಿದ್ದು. ಪೆರಿಯಾರ್ ಅಣೆಕಟ್ಟಿನ ಕೆಲಸಕ್ಕೆ ಗಾಡಿ ಒದಗಿಸಿ ನಿಮಗೆ ನಾಲ್ಕು ಜನರ ಸಲಾಮು ಸಿಗತೊಡಗಿತು. ಯಾರೋ ಬಿಳಿ ದೊರೆ ನಿಮ್ಮ ಮನೆಮುಂದಿನ ತಿಣ್ಣೆಯಲ್ಲಿ ಕೂತು ಎಳನೀರು ಕುಡಿದು ಹೋಗುತ್ತಾನೆಂದು ಸುದ್ದಿ ಬಂತು. ಕೂಡಲೇ ದೇವರು ಮಣ್ಣಿನ ಬಾನಿಯಲ್ಲಿರುವುದು ನಿಮಗೆ ಅವಮಾನವಾಯಿತು. “ಸಾಮಿಗೆ ಮಣ್ಣು ಚಟ್ಟಿಯಾ? ನಾಳೆ ಊರು ನನ್ನ ಏನಂತದೆ?” ಎಂದು ಕೇಳಿ, ತಾಮ್ರದ ಬೋಗುಣಿಗಳನ್ನು ಮಾಡಿಸಿ, ಕತ್ತರಿ ಬಿಸಿಲಿನ ನಟ್ಟನಡುವೆ ಬೇರು ಕಿತ್ತು ಅದರೊಳಗೆ ನೆಡಿಸಿದಿರಿ. ಪಡುವಣಕ್ಕೆ ಮುಖ ಮಾಡಿದ ಕಲ್ಲು ತಿಣ್ಣೆಯ ಮೇಲೆ ಸಾಲಾಗಿ ಇಡಿಸಿದಿರಿ. ದಿನಾ ಮಟಮಟ ಮಧ್ಯಾಹ್ನ ಬಂದವರೆದುರು ಹಾಲು, ಅರಿಸಿನ ನೀರು ಸುರಿದಿರಿ. ಅಕ್ಕ ಬೇಡವೆಂದಳು. “ನೀ ಒಳಗೆ ಪೋಗಿ ಅಕ್ಕಿ ಆರಿಸು” ಎಂದಿರಿ.

ಮೊದಲು ಅತ್ತಿ ಒಣಗಿತು. ಆಮೇಲೆ ಆಲ. ಹುಣಸೆ ಎಲೆಯೆಲ್ಲ ಉದುರಿಸಿ ಕಡ್ಡಿಯಾಯಿತು. ದೊರೆ ಬರಲೂ ಇಲ್ಲ.

ಊರು ಕೇಳಿತು. ಉತ್ತರ ಬೇಕಾಯಿತು. ಬೀದಿಯ ಜನರನ್ನೆಲ್ಲ ನಿಲ್ಲಿಸಿಕೊಂಡು, “ತಾಳಿ ಇಲ್ಲದ ಕೈ ತಾಕಿ ಸಾಮಿ ಒಣಗೋದ” ಎಂದು ಅಕ್ಕನನ್ನು ತೋರಿಸಿದಿರಿ. ಅವಳು ಅತ್ತು ಕಾಲಿಗೆ ಬೀಳಲಿಲ್ಲ. “ಅಣ್ಣಾ, ಬೈಯೋದು ಆಮೇಲೆ ಬೈಯಿ. ಒಂದ್ ಸಲ ಆ ಬೋಗುಣಿ ಮುಟ್ಟಿ ನೋಡು” ಎಂದಳು. ನೀವು ಮುಟ್ಟಿದಿರಿ. ಕೆಂಡ ತಾಕಿದವರ ಹಾಗೆ ಕೈ ಹಿಂದಕ್ಕೆ ಎಳೆದುಕೊಂಡಿರಿ. ಇದನ್ನು ಅಕ್ಕ ನನಗೆ ಹೇಳಿಲ್ಲ. ಬತ್ತಲಗುಂಡಿನ ಸಂತೆಗೆ ಬಂದ ನಮ್ಮ ಬೀದಿಯವರನ್ನು ಒಬ್ಬೊಬ್ಬರಾಗಿ, ಬೇರೆ ಬೇರೆಯಾಗಿ ಕೇಳಿದೆ. ಎಲ್ಲರೂ ಒಂದೇ ಮಾತು ಹೇಳಿದರು. ಒಬ್ಬರಂತೂ ನೀವು ಬೆರಳಿಗೆ ಉಫ್ ಉಫ್ ಎಂದು ಊದಿಕೊಂಡದ್ದನ್ನೂ ಮಾಡಿ ತೋರಿಸಿ ನಕ್ಕರು.

ಅಣ್ಣ, ತಿಳಿಯದೆ ತಾಮ್ರ ತಂದಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ಭಕ್ತಿಯಿಂದ ತಪ್ಪು ಮಾಡುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಆದರೆ ಬೋಗುಣಿ ನಿಮ್ಮ ಕೈಯನ್ನು ಸುಟ್ಟ ಮೇಲೆ, ಸತ್ಯ ನಿಮ್ಮ ಚರ್ಮಕ್ಕೇ ತಿಳಿದ ಮೇಲೆ, ಅದೇ ಕೈ ಎತ್ತಿ ಬೀದಿ ತೋರಿಸಿ ಅವಳನ್ನು ಹೊರಗೆ ಕಳಿಸಿದಿರಿ. ನನಗೆ ನಿಮ್ಮ ಮೇಲೆ ಇರುವ ಹಗೆ ಮರದ್ದಲ್ಲ. ಆ ಗಳಿಗೆಯದ್ದು.

ನೀವು ಹುಣಸೆಯನ್ನು ಕಸದ ಗುಂಡಿಗೆ ಎಸೆಸಿದ್ದಿರಿ. ಅಕ್ಕ ಹೋಗುವಾಗ ಅದನ್ನು ಎತ್ತಿಕೊಂಡಳು. ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿದಾಗ ಒಳಗೆ ಹಸಿರಿತ್ತಂತೆ. ಬೇರಿಗೆ ಒದ್ದೆ ಗೋಣಿ ಸುತ್ತಿ, ತೇನಿಯ ಕಡೆ ಹೊರಟಿದ್ದ ಹತ್ತಿಗಾಡಿಯವರನ್ನು ಬೇಡಿಕೊಂಡು, ಅಲ್ಲಿಂದ ಇನ್ನೊಂದು ಗಾಡಿ ಹಿಡಿದು, ಸಿಕ್ಕ ಸಿಕ್ಕ ಬಾವಿಯಲ್ಲಿ ಗೋಣಿ ನೆನೆಸುತ್ತಾ ನನ್ನ ಬಾಗಿಲಿಗೆ ಬಂದಳು. “ಕಂದಾ, ನಂಗೆ ಊಟ ಆಮೇಲೆ ಹಾಕು. ಒಂದು ಹಳೇ ಮಣ್ಣು ಬಾನಿ ಇದ್ಯಾ?” ಇದು ಅವಳ ಮೊದಲ ಮಾತು. ಹೊಸ ಬಾನಿ ತರುತ್ತೇನೆಂದೆ. ಹಳೆಯದೇ ಆಗಬೇಕೆಂದಳು, ನೀರುಂಡ ಮಣ್ಣು ತಣ್ಣಗಿರುತ್ತದೆ. ದಿಂಡಿಗಲ್ಲಿನ ಬಂಡೆ ಹಗಲೆಲ್ಲ ಕಾದು ಊರಿನ ಮೇಲೆ ಉಸಿರು ಬಿಡುವ ಕಾಲ ಅದು. ಅವಳು ಗೋಡೆಯ ಬಡಗಣ ಬದಿಯಲ್ಲಿ ಮರಳು ಸುರಿಸಿ, ಬಾನಿ ಹೂತು, ತಟ್ಟಿ ಕಟ್ಟಿ, ಕಾದಳು. ನನಗೆ ನಂಬಿಕೆಯಿರಲಿಲ್ಲ. ಹೋದ ತಿಂಗಳು, ಆನಿ ಮಾಸದಲ್ಲಿ, ಗಂಟಿನ ಸಂದಿಯಿಂದ ಅಕ್ಕಿಕಾಳಿನಷ್ಟು ಚಿಗುರು ಹೊರಟಿತು. ಆ ಸುದ್ದಿ ನಿಮ್ಮ ಕಿವಿಗೆ ಬಿದ್ದದ್ದರಿಂದ ಆಂಡಿಯನ್ನು ಅಟ್ಟಿದಿರಿ. ಕಸದ ಗುಂಡಿಯಲ್ಲಿದ್ದದ್ದು ಚಿಗುರಿದ ಕೂಡಲೇ ಮತ್ತೆ ನಿಮ್ಮ ದೇವರಾಯಿತು.

ಆಂಡಿಯ ಮಾತು ಕೇಳಿ ನಾನು ಕೂಗಾಡಿದೆ. ಅಕ್ಕ ಕೂಗಲಿಲ್ಲ. ಅವನಿಗೆ ಊಟ ಬಡಿಸಿದಳು, ಉಂಡ ಮೇಲೆ ಅವನ ಕೈಗೆ ಗುದ್ದಲಿ ಕೊಟ್ಟಳು. “ಆಂಡಿ, ಹಿತ್ಲಲ್ಲಿ ಒಂದು ಗುಂಡಿ ತೋಡಪ್ಪ. ಆಳವಾಗಿ.” ಪಾಪ, ಅವನು ತೋಡಿದ. ಅಕ್ಕ ಬಾನಿಯನ್ನು ಕಲ್ಲಿಗೆ ಕುಟ್ಟಿ ಒಡೆದು ಹುಣಸೆಯನ್ನು ನೆಲದಲ್ಲಿ ನೆಟ್ಟಳು. ನಮ್ಮ ವಂಶದಲ್ಲಿ ಯಾರೂ ಮಾಡದ್ದು. ಆಂಡಿ ಗುದ್ದಲಿ ಬಿಟ್ಟು ಕೆನ್ನೆ ಕೆನ್ನೆ ಬಡಿದುಕೊಂಡ.

“ಅಯ್ಯೋ ಅಕ್ಕಾ, ಇನ್ನು ಇದನ್ನ ಎತ್ತೋದು ಹೆಂಗೆ?”

“ಎತ್ತೋದು ಯಾಕೆ? ಓಡಿದ್ದು ಸಾಕು” ಎಂದಳು ಅಕ್ಕ, ಮಣ್ಣು ತುಳಿಯುತ್ತಾ. “ಅದೂ ಬೆಳೀಲಿ. ನಾನೂ ಇಲ್ಲೇ ಇರ್ತೀನಿ.”

ಆದ್ದರಿಂದ ಮರ ಬರುವುದಿಲ್ಲ. ಅಗೆದು ತರಲು ಆಳು ಕಳಿಸಿದರೆ ಗುದ್ದಲಿ ಮೊದಲು ನನ್ನ ಕಾಲಿಗೆ ತಾಗುತ್ತದೆ. ಪೂಜೆ ಮಾಡಲೇಬೇಕೆಂದಿದ್ದರೆ ನೀವೇ ಗಾಡಿ ಹತ್ತಿ ಬನ್ನಿ. ಅಕ್ಕ ಬಾಗಿಲು ತೆರೆದು ಕಾಲಿಗೆ ನೀರು ಕೊಡುತ್ತಾಳೆ, ಅವಳು ಅಂಥವಳು. ನಾನು ಅಂಥವನಲ್ಲ. ಹೊಸ್ತಿಲಾಚೆ ನಿಂತು, ಈ ಬೀದಿಗೆಲ್ಲ ಕೇಳುವಂತೆ “ಬೋಗುಣಿ ಕಾದಿತ್ತು” ಎನ್ನಿ. ಆಮೇಲೆ ಒಳಗೆ ಬಿಡುತ್ತೇನೆ.

ಆ ಎರಡು ಮಾತು ಬಾಯಿಂದ ಹೊರಡುವವರೆಗೆ ನಿಮ್ಮ ಆಯುಸ್ಸು ಗಟ್ಟಿಯಾಗಿರಲಿ ಎಂದು ಮನೆದೇವರಲ್ಲಿ ಬೇಡಿಕೊಳ್ಳುವ,

ತಮ್ಮ,
ಕಂದಸಾಮಿ