ಯಾರಿಗೂ ಹೇಳಲ್ಲ ಅಂದ ಮಾತು

ಜೂನ್ 3, ಶನಿವಾರ

ಹನ್ನೊಂದು ಜೊತೆ ಗಾಜು ಉಜ್ಜಿದೆ. ಒಂದು ಜೊತೆ ಫ್ರೇಮಿಗೆ ಕೂರಲಿಲ್ಲ, ಕೂದಲೆಳೆಯಷ್ಟು ಹೆಚ್ಚಾಗಿತ್ತು. ಮತ್ತೆ ಉಜ್ಜಿದೆ. ಕನ್ನಡಕದ ಅಂಗಡಿಯಲ್ಲಿ ಹದಿನಾರು ವರ್ಷ ಆಯಿತು, ಇನ್ನೂ ಹೀಗೆ. ಮಾಲೀಕರು ಮುಖ ಊದಿಸಿಕೊಂಡರು.

ನಾಲ್ಕಕ್ಕೆ ಬಿಟ್ಟು ಅಂಚೆ ಕಚೇರಿಯ ಮೇಲಿನ ಹಾಲ್‌ಗೆ ಹೋದೆ. ಮಕ್ಕಳ ಕ್ಲಬ್ಬಿಗೆ ವಾಲಂಟಿಯರ್ ಬೇಕು ಅಂತ ಗೇಟಿಗೆ ಚೀಟಿ ಅಂಟಿಸಿ ಮೂರು ವಾರ ಆಗಿತ್ತು. ದಿನಾ ಓದುತ್ತಿದ್ದೆ, ದಿನಾ ಮುಂದೆ ಹೋಗುತ್ತಿದ್ದೆ. ಇವತ್ತು ಮೆಟ್ಟಿಲು ಹತ್ತಿದೆ.

ಕ್ಲಬ್ ನಡೆಸುವವರು ರಿಟೈರ್ಡ್ ರೈಲ್ವೆ ಗಾರ್ಡ್. ಕತ್ತಿನಲ್ಲಿ ಈಗಲೂ ಸೀಟಿ. ಮಕ್ಕಳು ಎದುರಿಗೇ 'ಸೀಟಿ ತಾತ' ಅನ್ನುತ್ತಾರೆ.

"ಯಾಕೆ ಬಂದ್ರಿ ತಾಯಿ?" ಅಂದರು.

"ಮಕ್ಕಳು ಅಂದ್ರೆ ಇಷ್ಟ."

"ಎಲ್ಲರೂ ಅದನ್ನೇ ಅಂತಾರೆ. ಎರಡು ತಿಂಗಳಾದ್ಮೇಲೆ ಇನ್ನೊಂದ್ಸಲ ಕೇಳ್ತೀನಿ, ತಾಳಿ."

ಫಾರಂ, ಇಬ್ಬರ ಸಹಿ, ಪೊಲೀಸ್ ಸರ್ಟಿಫಿಕೇಟು, ಐದು ಭಾನುವಾರ ಕ್ಲಾಸು. ಮನೆಯಲ್ಲಿ ಅತ್ತಿಗೆ ನಕ್ಕರು: "ಮನೆ ಮಕ್ಕಳ ಕಾಟ ಸಾಲ್ದು ಅಂತ ಊರ ಮಕ್ಕಳು ಬೇಕಾ ನಿಂಗೆ?"

ನಿಜ ಏನೆಂದರೆ, ಮನೆಯ ಮಕ್ಕಳು ಬೆಳೆದುಬಿಟ್ಟರು. ಮೊದಲು ನಾನು ಬಂದರೆ ಅಣ್ಣನ ಮಕ್ಕಳಿಬ್ಬರೂ ಬಾಗಿಲಿಗೇ ಓಡಿಬರುತ್ತಿದ್ದರು. ಈಗ ಫೋನಿನಿಂದ ತಲೆ ಎತ್ತಿ "ಅತ್ತೆ, ಬಂದ್ರಾ" ಅಂದರೆ ಅದೇ ಹೆಚ್ಚು. ಫಾರಂನಲ್ಲಿ ಇದನ್ನು ಬರೆಯಲು ಜಾಗ ಇರಲಿಲ್ಲ.

ಜೂನ್ 25, ಭಾನುವಾರ

ಮೂರನೇ ಕ್ಲಾಸು. ಕಲಿಸುವುದು ಸರ್ಕಾರಿ ಆಸ್ಪತ್ರೆಯ ನರ್ಸಮ್ಮ. ಕಳೆದ ವಾರ ಬ್ಯಾಂಡೇಜು, ಮೂಗಿನಲ್ಲಿ ರಕ್ತ. ಇವತ್ತು ಬೇರೆ ವಿಷಯ — ಮಗು ಗುಟ್ಟು ಹೇಳಿದರೆ ಏನು ಮಾಡಬೇಕು.

"'ಯಾರಿಗೂ ಹೇಳಲ್ಲ ತಾನೆ' ಅಂತ ಕೇಳ್ತಾರೆ. ಆಣೆ ಮಾಡಬೇಡಿ. 'ನಿಂಗೆ ಸಹಾಯ ಮಾಡೋರಿಗೆ ಹೇಳ್ಬೇಕಾಗುತ್ತೆ' ಅನ್ನಿ. ಗುಟ್ಟು ಕೇಳಿಸ್ಕೊಳ್ಳೋಕ್ ಮುಂಚೆನೇ ಅನ್ನಿ. ಆಮೇಲೆ ಅವತ್ತೇ ಬಂದು ಇವರಿಗೆ ಹೇಳಿ" — ಸೀಟಿ ತಾತನ ಕಡೆ ಕೈ ತೋರಿಸಿದರು.

ಜೋಡಿ ಜೋಡಿಯಾಗಿ ಆಡಿ ತೋರಿಸಬೇಕಿತ್ತು. ನನ್ನ ಜೋಡಿ ಕ್ಷೌರದಂಗಡಿಯವರು. ಗುಂಡು ಹೊಟ್ಟೆ, ಪೊದೆ ಮೀಸೆ, ಹನ್ನೆರಡು ವರ್ಷದ ಹುಡುಗಿಯ ಪಾತ್ರ. "ಆಂಟೀ, ಯಾರಿಗೂ ಹೇಳ್ಬೇಡಿ" ಅಂತ ಬೆರಳು ಕಚ್ಚಿದರು. ಹಾಲ್ ತುಂಬ ನಗು. ನಾನು ನಗದೆ ಪಾಠ ಒಪ್ಪಿಸಿದೆ. ನರ್ಸಮ್ಮ, "ನೋಡಿ, ಹೀಗೆ" ಅಂದರು ಎಲ್ಲರಿಗೂ. ಬಹಳ ದಿನದ ಮೇಲೆ ಯಾರೋ ನನ್ನನ್ನು ತೋರಿಸಿ 'ಹೀಗೆ' ಅಂದದ್ದು.

ಜುಲೈ 15, ಶನಿವಾರ

ಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಹದಿನೆಂಟು. ಇನ್ನೆರಡು ತಿಂಗಳು ತಾತನ ಕೈಕೆಳಗೆ, ಆಮೇಲೆ ಬ್ಯಾಡ್ಜು.

ಮಕ್ಕಳಿಗೆ ನನ್ನನ್ನು ಅಕ್ಕ ಅನ್ನಿ ಅಂದೆ. "ಸರಿ ಆಂಟಿ" ಅಂದರು.

ಅವರಲ್ಲಿ ಒಬ್ಬಳು, ಹದಿಮೂರರವಳು, ಹೆಸರು ಬಿದ್ದಿರುವುದೇ ರೇಡಿಯೋ. ಬಾಯಿ ಮುಚ್ಚುವುದಿಲ್ಲ. ಕೇರಂ ಆಡುತ್ತಾ ಕಾಮೆಂಟರಿ, ಸೋತರೂ ಕಾಮೆಂಟರಿ. ಅವಳ ಅಪ್ಪನಿಗೆ ಹಡಗಿನಲ್ಲಿ ಅಡುಗೆ ಕೆಲಸವಂತೆ, ವರ್ಷಕ್ಕೊಮ್ಮೆ ಬರುವುದಂತೆ. ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರಂತೆ. ನನ್ನ ಪಕ್ಕವೇ ಕೂತಳು. ಯಾಕೋ ಖುಷಿ.

ಜುಲೈ 29, ಶನಿವಾರ

ರೇಡಿಯೋ ಇವತ್ತು ಒಂದು ಮಾತೂ ಆಡಲಿಲ್ಲ. ಕೇರಂ ಬೋರ್ಡಿನ ಮೇಲೆ ಕೈ ಇಟ್ಟುಕೊಂಡೇ ನಿದ್ದೆ ಹೋದಳು. ಎಬ್ಬಿಸಿದರೆ ಗಡಿಬಿಡಿಯಿಂದ "ಅನ್ನ ಇಟ್ಟಿದೀನಿ" ಅಂದಳು.

ಮೆಟ್ಟಿಲ ಹತ್ತಿರ ಕರೆದುಕೊಂಡು ಹೋಗಿ ಕೇಳಿದೆ. ಮೊದಲು ಏನಿಲ್ಲ, ಏನಿಲ್ಲ. ಆಮೇಲೆ —

"ಯಾರಿಗೂ ಹೇಳಲ್ಲ ತಾನೆ ಆಂಟಿ?"

ನನಗೆ ಗೊತ್ತಿತ್ತು. ಪಾಠ ನಾಲಿಗೆ ತುದಿಯಲ್ಲೇ ಇತ್ತು. ಆದರೆ ಆ ಮುಖ ನೋಡಿ, ಹಾಗಂದರೆ ಎದ್ದು ಹೋಗಿಬಿಡುತ್ತಾಳೆ ಅನ್ನಿಸಿತು.

"ಯಾರಿಗೂ ಹೇಳಲ್ಲ" ಅಂದೆ.

ಅಮ್ಮ ಎರಡು ತಿಂಗಳಿಂದ ಹಾಸಿಗೆ ಬಿಟ್ಟು ಏಳುವುದೇ ಕಷ್ಟ. ಎದ್ದರೆ ತಲೆ ಸುತ್ತು. ಆಸ್ಪತ್ರೆ ಅಂದರೆ ಅಳುತ್ತಾರೆ. ಅಡುಗೆ, ಬಟ್ಟೆ, ಅಮ್ಮನಿಗೆ ಸ್ನಾನ, ಎಲ್ಲಾ ಇವಳದೇ. ಅಪ್ಪನ ಫೋನ್ ಬಂದರೆ "ಅಮ್ಮ ಅಂಗಡಿಗೆ ಹೋಗಿದಾಳೆ" ಅನ್ನುತ್ತಾಳಂತೆ.

"ಗೊತ್ತಾದ್ರೆ ಮಾಮ ಬಂದು ನನ್ನ ಅವರೂರಿಗೆ ಕರ್ಕೊಂಡು ಹೋಗ್ತಾನೆ. ಅಮ್ಮನ್ನ ಎಲ್ಲಿಗೋ ಸೇರಿಸ್ತಾರೆ."

ತಲೆ ಸವರಿದೆ. ನಾನಿದ್ದೀನಿ ಅಂದೆ.

ಸೀಟಿ ತಾತ ರಿಜಿಸ್ಟರ್ ಮುಚ್ಚುತ್ತಾ, "ಏನಾದ್ರೂ ಇದ್ಯಾ ಇವತ್ತು?" ಅಂತ ಕೇಳಿದರು. ದಿನಾ ಎಲ್ಲರನ್ನೂ ಕೇಳುತ್ತಾರೆ.

"ಏನಿಲ್ಲ" ಅಂದೆ.

ಆಗಸ್ಟ್ 8, ಮಂಗಳವಾರ

ಊಟದ ಡಬ್ಬಿ ಕೊಟ್ಟು ಬಂದೆ. ಇದು ನಾಲ್ಕನೇ ಸಲ. ಒಳಗೆ ಕರೆಯುವುದಿಲ್ಲ ಅವಳು, ಬಾಗಿಲಲ್ಲೇ ತೆಗೆದುಕೊಳ್ಳುತ್ತಾಳೆ. ಕಿಟಕಿಯಲ್ಲಿ ಹೊಲಿಗೆ ಮೆಷಿನ್ ಕಾಣುತ್ತದೆ, ಮೇಲೆ ಚಾದರ ಹೊದಿಸಿದೆ.

ನರ್ಸಮ್ಮನಿಗೆ ಒಂದು ಫೋನ್ ಮಾಡಿದರೆ ಆಯಿತು. ನಂಬರ್ ಇದೆ. ಮಾಡಲಿಲ್ಲ. ಮಾಡಿದರೆ ರೇಡಿಯೋ ನನ್ನ ಹತ್ತಿರ ಮತ್ತೆ ಬರುವುದಿಲ್ಲ.

ಇನ್ನೂ ಒಂದು ಇದೆ. ಬರೆಯಲು ನಾಚಿಕೆ. ಅವಳ ಗುಟ್ಟು ನನಗೊಬ್ಬಳಿಗೇ ಗೊತ್ತು ಅನ್ನುವುದು ಒಳಗೊಳಗೇ ಹಿತವಾಗಿದೆ.

ಆಗಸ್ಟ್ 19, ಶನಿವಾರ

ನಾಳೆ ಕ್ಲಬ್ಬಿನ ಪ್ರವಾಸ. ಹೊಳೆದಂಡೆಯ ಪಾರ್ಕು, ಬೆಳಿಗ್ಗೆ ಎಂಟಕ್ಕೆ ಬಸ್ಸು, ಸಂಜೆ ಐದಕ್ಕೆ ವಾಪಸ್. ರೇಡಿಯೋ ಬರಲ್ಲ ಅಂದಳು.

"ಒಂದಿನ ತಾನೆ ಪುಟ್ಟಿ. ನೀರು, ಊಟ ಎಲ್ಲಾ ಅಮ್ಮನ ಪಕ್ಕದಲ್ಲೇ ಇಟ್ಟು ಬಾ. ಏನೂ ಆಗಲ್ಲ."

"ನಿಜವಾಗ್ಲೂ?"

"ನಿಜವಾಗ್ಲೂ."

ಆಗಸ್ಟ್ 21, ಸೋಮವಾರ

ಅಂಗಡಿಗೆ ಹೋಗಲಿಲ್ಲ.

ನಿನ್ನೆ ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ರೇಡಿಯೋ ಬಾಯಿಗೆ ಬಿಡುವಿರಲಿಲ್ಲ. ಡ್ರೈವರ್ ಕೂಡ "ಈ ಸ್ಟೇಷನ್ ಯಾವಾಗ ಬಂದ್ ಆಗುತ್ತೆ?" ಅಂದ. ಎಲ್ಲರೂ ನಕ್ಕೆವು. ಅವಳು ನನ್ನ ಭುಜಕ್ಕೆ ಒರಗಿ ಐದು ನಿಮಿಷ ನಿದ್ದೆಯೂ ಮಾಡಿದಳು. ನಾನು ಅಲುಗಾಡಲಿಲ್ಲ.

ಅವಳನ್ನು ಬಿಡಲು ಹೋದರೆ ಮನೆ ಮುಂದೆ ಜನ. ಮಹಡಿಯವರು ಮೂರು ಗಂಟೆಗೆ ನೀರಿನ ಸದ್ದು ಕೇಳಿ ಕೆಳಗಿಳಿದರಂತೆ. ಬಾಗಿಲು ಒಡೆದರಂತೆ. ಅವಳ ಅಮ್ಮ ಬಚ್ಚಲುಮನೆಯಲ್ಲಿ ಬಿದ್ದಿದ್ದರು. ಬಿದ್ದದ್ದು ಬೆಳಿಗ್ಗೆ ಒಂಬತ್ತಕ್ಕೋ ಹತ್ತಕ್ಕೋ. ಸೊಂಟದ ಮೂಳೆ ಮುರಿದಿದೆ. ಅಷ್ಟು ಹೊತ್ತೂ ನಲ್ಲಿ ಸುರಿಯುತ್ತಲೇ ಇತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದರು — ರಕ್ತ ತೀರಾ ಕಡಿಮೆ, ಅದಕ್ಕೇ ತಲೆಸುತ್ತು. "ಮೂರು ವಾರದ ಹಿಂದೆ ತೋರಿಸಿದ್ರೂ ಔಷಧಿಯಲ್ಲೇ ಹೋಗ್ತಿತ್ತು. ಬೀಳೋ ಹಾಗೇ ಆಗ್ತಿರ್ಲಿಲ್ಲ."

ಮೂರು ವಾರದ ಹಿಂದೆ. ಜುಲೈ 29 ತೆಗೆದು ಓದಿದೆ. ಇಪ್ಪತ್ತೆರಡು ದಿನ.

ವಾರ್ಡಿನ ಹೊರಗೆ ಸೀಟಿ ತಾತ ನನ್ನ ಕಡೆ ತಿರುಗಿದರು. "ನಿಮ್ಮ ಹತ್ರ ಹೊಂದ್ಕೊಂಡಿದ್ಲಲ್ಲ. ಏನಾದ್ರೂ ಹೇಳಿದ್ಲಾ?"

ನಾನು ಬಾಯಿ ತೆರೆಯುವ ಮೊದಲೇ ರೇಡಿಯೋ ಅಂದಳು: "ಆಂಟಿಗೆ ಏನೂ ಗೊತ್ತಿಲ್ಲ ತಾತ. ನಾನು ಯಾರಿಗೂ ಹೇಳಿರ್ಲಿಲ್ಲ."

ನನ್ನ ಕಡೆ ನೋಡಲೂ ಇಲ್ಲ. ನಾನು ಸುಮ್ಮನೆ ನಿಂತಿದ್ದೆ.

ಆಗಸ್ಟ್ 26, ಶನಿವಾರ

ಅವಳ ಮಾಮ ಬಂದು ತಾಯಿ ಮಗಳಿಬ್ಬರನ್ನೂ ಕರೆದುಕೊಂಡು ಹೋದನಂತೆ. ಕ್ಲಬ್ಬಿಗೆ ಹೋದಾಗ ತಿಳಿಯಿತು. ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ ಗೆರೆ ಎಳೆದಿದ್ದರು.

ಸೆಪ್ಟೆಂಬರ್ 16, ಶನಿವಾರ

ಬ್ಯಾಡ್ಜು ಕೊಟ್ಟರು. ನರ್ಸಮ್ಮನೇ ಚುಚ್ಚಿದರು. ಮಕ್ಕಳ ಚಪ್ಪಾಳೆ. ಅತ್ತಿಗೆ ಫೋಟೋ ತೆಗೆದು ಎಲ್ಲರಿಗೂ ಕಳಿಸಿದರು. ಅಣ್ಣನ ಮಗಳು "ಸೂಪರ್ ಅತ್ತೆ" ಅಂತ ಅಪ್ಪಿಕೊಂಡಳು.

ಊಟ ಸೇರಲಿಲ್ಲ.

ಸೆಪ್ಟೆಂಬರ್ 17, ಭಾನುವಾರ

ಹೇಳಿಬಿಟ್ಟೆ.

ಸೀಟಿ ತಾತ ಒಬ್ಬರೇ ಕುರ್ಚಿ ಜೋಡಿಸುತ್ತಿದ್ದರು. ನಿಂತುಕೊಂಡೇ ಹೇಳಿದೆ, ತಾರೀಖು ಸಮೇತ. ಮಾತು ಕೊಟ್ಟದ್ದು, ಡಬ್ಬಿ ಒಯ್ದದ್ದು, ಪ್ರವಾಸಕ್ಕೆ ಎಳೆದದ್ದು. ಆಸ್ಪತ್ರೆಯಲ್ಲಿ ಅವಳ ಹಿಂದೆ ಅಡಗಿಕೊಂಡದ್ದು.

ಕೈಯಲ್ಲಿದ್ದ ಕುರ್ಚಿ ಕೆಳಗಿಟ್ಟರು. ಆಮೇಲೆ —

"ಮೂವತ್ತೊಂದು ವರ್ಷ ಗಾರ್ಡ್ ಆಗಿದ್ದೆ. ಹಿಂದಿನ ಡಬ್ಬಿಯಿಂದ ಏನಾದ್ರೂ ಕಂಡ್ರೆ ಡ್ರೈವರ್‌ಗೆ ಹೇಳೋದು ನನ್ನ ಕೆಲಸ. ಕೆಳಗೆ ಹಾರಿ ನಾನೇ ರೈಲು ಹಿಡಿದು ನಿಲ್ಲಿಸ್ತೀನಿ ಅನ್ನೋದಲ್ಲ."

ಬೈದಿದ್ದರೆ ಚೆನ್ನಾಗಿತ್ತು.

"ಬ್ಯಾಡ್ಜು ಮೇಜಿನ ಮೇಲಿಡಿ. ಕಮಿಟಿಗೆ ಹೇಳ್ಬೇಕು, ಆ ಮಗುವಿನ ಮಾಮನಿಗೂ ಹೇಳ್ಬೇಕು. ಸದ್ಯಕ್ಕೆ ಮಕ್ಕಳ ಜೊತೆ ಬೇಡ." ನಾನು ಹೊರಟೆ. ಹಿಂದಿನಿಂದ ಕೂಗಿದರು: "ಶನಿವಾರ ರಿಜಿಸ್ಟರ್ ಬರೆಯೋಕೆ ಬನ್ನಿ. ಬರದೇ ಇರಬೇಡಿ."

ಕೆಳಗಿಳಿದು ಅಂಚೆ ಡಬ್ಬದ ಪಕ್ಕ ನಿಂತು ಅತ್ತೆ. ಒಬ್ಬ ಮುದುಕಪ್ಪ ಕಾಗದ ಹಾಕಲು ಬಂದು, "ಸರೀತೀರಾ ಸ್ವಲ್ಪ?" ಅಂದ. ಸರಿದು ನಿಂತು ಅತ್ತೆ.

ಅಕ್ಟೋಬರ್ 15, ಭಾನುವಾರ, ಬೆಳಿಗ್ಗೆ 6.50

ನಿನ್ನೆ ರೇಡಿಯೋ ಬಂದಿದ್ದಳು. ಸ್ಕೂಲಿನಿಂದ ಟಿ.ಸಿ. ತೆಗೆದುಕೊಂಡು ಹೋಗಲು, ಮಾಮನ ಜೊತೆ. ಅವನು ಕೆಳಗೆ ಆಟೋ ಪಕ್ಕ ನಿಂತಿದ್ದ. ಅವಳು ಮೆಟ್ಟಿಲು ಹತ್ತಿ ಬಂದಳು. ಕೂದಲು ಗಿಡ್ಡ ಮಾಡಿಸಿದ್ದಾರೆ. ನಾನು ರಿಜಿಸ್ಟರ್ ಮುಂದೆ.

ಅಮ್ಮ ಹೇಗಿದ್ದಾರೆ ಅಂದೆ. ಅಲ್ಲೊಂದು ಆರೈಕೆ ಮನೆಯಲ್ಲಿದ್ದಾರಂತೆ, ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಡುತ್ತಾರಂತೆ. ಇವಳು ವಾರಕ್ಕೊಮ್ಮೆ ನೋಡಲು ಹೋಗುವುದಂತೆ. ಅವಳು ಹೆದರಿದ್ದೆಲ್ಲಾ ಹೆದರಿದ ಹಾಗೇ ಆಗಿದೆ.

ಸ್ವಲ್ಪ ಹೊತ್ತು ಪೆನ್ನಿನ ಕ್ಯಾಪು ತಿರುಗಿಸಿದಳು. ಆಮೇಲೆ —

"ಯಾಕೆ ಹೇಳಿಬಿಟ್ರಿ ಆಂಟಿ? ನಾನು ನಿಮ್ಮ ಹೆಸರು ಹೇಳೇ ಇರ್ಲಿಲ್ಲ. ಮಾಮ ಹೊಡೆಯೋ ಹಾಗೆ ಕೇಳಿದ್ರೂ ಹೇಳಿರ್ಲಿಲ್ಲ."

ಕೋಪದಲ್ಲಿ ಕೇಳಿದ್ದಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದ್ದು. ತಾನು ಕಷ್ಟಪಟ್ಟು ಎತ್ತಿಟ್ಟದ್ದನ್ನು ನಾನು ಬೀದಿಗೆ ಸುರಿದ ಹಾಗೆ.

ನಾನು ಏನಂದೆ? "ಓದು ಹೇಗೆ ನಡೀತಿದೆ?" ಅಂದೆ! ನನ್ನ ಬಾಯಿಗೆ ಅದೇ ಬಂತು. "ಪರವಾಗಿಲ್ಲ" ಅಂದಳು. ಕೆಳಗೆ ಹಾರ್ನ್ ಆಯಿತು. ಹೋದಳು. ಮೆಟ್ಟಿಲಿಳಿಯುವಾಗ ಒಂದು ಮಾತಿಲ್ಲ. ಮೊದಲೆಲ್ಲಾ ಎಷ್ಟು ಮೆಟ್ಟಿಲು ಅಂತ ಕೂಗಿ ಎಣಿಸುತ್ತಾ ಇಳಿಯುತ್ತಿದ್ದಳು.

ನಾಲ್ಕರಿಂದ ಎದ್ದು ಕೂತಿದ್ದೇನೆ. ಉತ್ತರ ಈಗ ಬರುತ್ತಿದೆ. ಹದಿಮೂರು ವರ್ಷದವಳು ನನಗೋಸ್ಕರ ಸುಳ್ಳು ಹೊರಬಾರದಿತ್ತು. ಹೊರಿಸಿದ್ದು ನಾನು. ಮೆಟ್ಟಿಲ ಹತ್ತಿರ ಅವತ್ತು ನಾನು ಅವಳಿಗೆ ಕೊಟ್ಟದ್ದು ಸಹಾಯ ಅಲ್ಲ, ಇನ್ನೊಂದು ಗುಟ್ಟು. ಇದನ್ನು ಹೀಗೇ ಹೇಳಿದರೆ ಅವಳಿಗೆ ಅರ್ಥ ಆಗುತ್ತದೋ ಇಲ್ಲವೋ. ಬೈದರೂ ಬೈಯಲಿ.

ಸೀಟಿ ತಾತನಿಗೆ ಈಗಷ್ಟೇ ಫೋನ್ ಮಾಡಿದೆ, ಅವರನ್ನು ಕೇಳದೆ ಅವಳ ಹತ್ತಿರ ಹೋಗಬಾರದು ಅಂತ. ನಿದ್ದೆಗಣ್ಣಲ್ಲೇ ಎತ್ತಿದರು. ರಾತ್ರಿ ರೇಡಿಯೋ, ಮಾಮ ಇಬ್ಬರೂ ಉಳಿದದ್ದು ಬಸ್ ಸ್ಟ್ಯಾಂಡ್ ಎದುರಿನ ಲಾಡ್ಜಿನಲ್ಲಂತೆ. "ಏಳೂ ಇಪ್ಪತ್ತಕ್ಕೆ ಅವರ ಬಸ್ಸು. ನಾನೂ ಬರ್ತೀನಿ, ಮಾಮನ ಮುಂದೇನೇ ಮಾತಾಡಿ. ಬೇಗ ಹೊರಡಿ ತಾಯಿ" ಅಂದರು.

ಅತ್ತಿಗೆ ಟೀ ಇಟ್ಟಿದ್ದಾರೆ, ಕುಡಿಯುವಷ್ಟು ಹೊತ್ತಿಲ್ಲ. ಆಟೋ ಸಿಕ್ಕರೆ ಹತ್ತು ನಿಮಿಷ, ಸಿಗದಿದ್ದರೆ ನಡೆದು ಇಪ್ಪತ್ತೈದು. ಮೊದಲ ಮಾತು ಏನು? 'ತಪ್ಪು ನಂದು' ಅಂತಲೇ ಶುರು ಮಾಡಬೇಕು, ಓದು ಗೀದು ಅಂತ ಕೇಳದೆ. ಆಮೇಲೆ ಅವಳ ಅಮ್ಮ ಇರುವ ಕಡೆ ನಾನು ತಿಂಗಳಿಗೊಮ್ಮೆ ಹೋಗಿ ನೋಡಿಬರಲೇ ಅಂತ ಕೇಳಬೇಕು. ಹೊರಗೆ ಆಟೋ ಸದ್ದು, ಹೊರಟೆ.