ಪಿಸ್ಟನ್ನಿನೊಳಗಿನ ಏಣಿ

ಶನಿವಾರ, ಅಕ್ಟೋಬರ್ 14, 2017

ಕೈಗೆ ಹತ್ತಿದ ಮಸಿ ನಮ್ಮ ಹಬೆಸ್ನಾನದ ಕೋಣೆ, ಸೌನಾದ ಬಿಸಿಗೂ ಬಿಡಲಿಲ್ಲ.

ಅಪ್ಪನ ಮೋಟಾರು ಗರಗಸವನ್ನು ಇವತ್ತು ಬಿಚ್ಚಿದೆ. ವರ್ಷಗಟ್ಟಲೆ ಸೌದೆಮನೆಯಲ್ಲಿ ಬಿದ್ದಿತ್ತು. ಜಿಡ್ಡುಗಟ್ಟಿದ ಮರದ ಹೊಟ್ಟನ್ನು ಕೆರೆದು, ಸೀಮೆಎಣ್ಣೆಯಲ್ಲಿ ತೊಳೆದು, ಜಾಮ್ ಆಗಿದ್ದ ಪಿಸ್ಟನ್ ಹೊರಗೆ ತೆಗೆದೆ. ಅದರ ಒಳಮೈಯಲ್ಲಿ ಮೊಳೆಯಿಂದ ಗೀಚಿದ ಏಣಿ ಗುರುತು! ನಮ್ಮೂರಲ್ಲಿ ಮನೆಮನೆಗೂ ಒಂದೊಂದು ಗುರುತು. ಕೊಡಲಿಯಿಂದ ಹಿಡಿದು ಎಲ್ಲದರ ಮೇಲೂ ಕೆತ್ತುತ್ತೇವೆ. ನಮ್ಮದು ಕಾಗೆಕಾಲು. ಏಣಿ ಪಕ್ಕದ ಮನೆಯ ತೌನೊ ಮಾಮನದು.

ಅವನೂ ಅಪ್ಪನೂ ಜೊತೆಯಲ್ಲೇ ಮರ ಕಡಿದವರು, ಗರಗಸವೂ ಒಂದೇ ಬಗೆಯದು. ಸರ್ವಿಸ್ ಮಾಡಿಕೊಡುತ್ತೇನೆಂದು ಒಯ್ದವನು ನಮ್ಮ ಒಳ್ಳೆಯ ಪಿಸ್ಟನ್ ತೆಗೆದು ತನ್ನ ಸವೆದದ್ದನ್ನು ತುರುಕಿದ್ದಾನೆ. ವಾಪಸ್ ತಂದ ಮರುದಿನವೇ ಜಾಮ್ ಆಯಿತು. "ಪೆಟ್ರೋಲಿಗೆ ಎಣ್ಣೆ ಬೆರೆಸೋದನ್ನೇ ಮರ್ತ್ಯಲ್ಲೋ ಮುದುಕ!" ಎಂದು ತೌನೊ ಎಲ್ಲರೆದುರು ನಕ್ಕ. ಎಣ್ಣೆಯಿಲ್ಲದೆ ಪಿಸ್ಟನ್ ಕಚ್ಚಿಕೊಂಡಿದೆ, ತಪ್ಪು ತನ್ನ ಮರೆವಿನದೇ ಎಂದು ಅಪ್ಪ ನಂಬಿದ. ಮತ್ತೆ ಕಾಡಿಗೆ ಹೋಗಲಿಲ್ಲ. ಕಾಫಿ ಕಾಯಿಸಿದರೂ ನನ್ನನ್ನು ಕೇಳುತ್ತಿದ್ದ, "ನಾನು ಒಲೆ ಆರಿಸೋದು ಮರ್ತಿಲ್ಲ ತಾನೆ?" ಸಾಯುವವರೆಗೂ ಕೇಳಿದ.

ಸಂಜೆ ಎಂದಿನಂತೆ ತೌನೊ ಸೌನಾಕ್ಕೆ ಬಂದ. ಅಪ್ಪನ ಜಾಗದಲ್ಲೇ ಕೂತ. "ಏನೋ, ಆ ಡಬ್ಬಾ ಸ್ಟಾರ್ಟ್ ಆಯ್ತಾ?"

"ಅದರೊಳಗೆ ನಿಮ್ಮನೆ ಏಣಿ ಇದೆ, ಮಾಮ. ನಮ್ಮ ಕಾಗೆಕಾಲು ಎಲ್ಲಿ?"

ಕಾದ ಕಲ್ಲುಗಳ ಮೇಲೆ ಒಂದು ಸೌಟು ನೀರು ಸುರಿದ. ಆಮೇಲೆ ಮುಖ ಒರೆಸಿಕೊಂಡು ಹೇಳಿದ:

"ಎಷ್ಟು ವರ್ಷದ ಮಾತೋ ಅದು. ನಂಗೆ ಮರ್ತೇ ಹೋಗಿದೆ."